‘ವ್ಯಾಪಕ’ ಎಂದರೆ ಎಷ್ಟು?

“ರೋಗ ವ್ಯಾಪಕವಾಗಿದೆ” ಎಂಬ ಮಾತನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ, ಓದಿ ಭಯಪಡುತ್ತೇವೆ. ಈ ಒಂದೇ ಪದದಲ್ಲಿ ಮೂರು ಅರ್ಥಗಳು ಅಡಗಿವೆ. ರೋಗವು ಎಷ್ಟು ಊರುಗಳಿಗೆ ಹಬ್ಬಿದೆ ಎಂಬುದು ಮೊದಲನೆಯದು. ಇಂತಿಷ್ಟು ಕಾಲದಲ್ಲಿ ಹೊಸದಾಗಿ ಎಷ್ಟು ಜನರಿಗೆ ಬಂದಿದೆ ಎಂಬುದು ಎರಡನೆಯದು. ಇದಕ್ಕೆ ವೈದ್ಯರು ‘ಇನ್ಸಿಡೆನ್ಸ್’ ಎನ್ನುತ್ತಾರೆ. ಹಳಬರು, ಹೊಸಬರು ಎಲ್ಲರೂ ಸೇರಿ ಈಗ ನೂರು ಜನರಲ್ಲಿ ಎಷ್ಟು ಮಂದಿಗೆ ಆ ರೋಗವಿದೆ ಎಂಬುದು ಮೂರನೆಯದು, ಅದುವೇ ‘ಪ್ರಿವೆಲೆನ್ಸ್’.

ಮೂಡುಬಿದಿರೆ ಕೆರೆಗಳ ಊರು. ಕೆರೆಗೆ ಹರಿದು ಬರುವ ನೀರು ಇನ್ಸಿಡೆನ್ಸ್, ಕೆರೆಯಲ್ಲಿ ನಿಂತ ನೀರು ಪ್ರಿವೆಲೆನ್ಸ್ ಎಂದು ಭಾವಿಸಬಹುದು. ತೂಬಿನಿಂದ ಹೊರಹೋಗುವ ನೀರೆಂದರೆ ಗುಣಮುಖರಾದವರು ಮತ್ತು ಮೃತರಾದವರು.

ಮಂಗನ ಕಾಯಿಲೆಯನ್ನು ನೋಡಿರಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು 1982-83ರಲ್ಲಿ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಊರುಗಳನ್ನು ಕಾಡಿತು. ಈ ಜ್ವರ ಕೆಲವು ವಾರಗಳಲ್ಲಿ ಮುಗಿಯುವುದರಿಂದ ಯಾವುದೇ ಒಂದು ದಿನ ಎಣಿಸಿದರೆ ರೋಗಿಗಳು ಕೆಲವರೇ. ಕೆರೆಯಲ್ಲಿ ನೀರು ನಿಲ್ಲುವುದೇ ಇಲ್ಲ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ರೋಗ ತಗಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುವುದುಂಟು.

ಮಧುಮೇಹದ ಕಥೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು, ಅಂದರೆ ಸುಮಾರು 10.1 ಕೋಟಿ ಜನರಿಗೆ ಈ ರೋಗವಿದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುವ ರೋಗವಿದು. ಹೊಸ ರೋಗಿಗಳು ಹೆಚ್ಚಿದರೂ ಕೆರೆ ತುಂಬುತ್ತದೆ. ಒಳ್ಳೆಯ ಚಿಕಿತ್ಸೆಯಿಂದ ಹಳೆಯ ರೋಗಿಗಳು ಹೆಚ್ಚು ಕಾಲ ಬದುಕಿದರೂ ತುಂಬುತ್ತದೆ. ಆದುದರಿಂದ ಏರಿದ ಸಂಖ್ಯೆಯೆಲ್ಲವೂ ಕೆಟ್ಟ ಸುದ್ದಿಯಲ್ಲ.

ಅರ್ಥ ತಿಳಿದರೆ ಮಾಡಬೇಕಾದುದೂ ತಿಳಿಯುತ್ತದೆ. ಮಂಗನ ಕಾಯಿಲೆಯಲ್ಲಿ ಒಳಹರಿವನ್ನೇ ತಡೆಯಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಸೌದೆ, ತರಗೆಲೆಗೆಂದು ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಮರಳಿದೊಡನೆ ಸ್ನಾನ ಮಾಡಿ, ಮೈಮೇಲೆ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ತಡಮಾಡಬಾರದು. ಮಧುಮೇಹದಲ್ಲಿ ಮಿತಾಹಾರ, ನಡಿಗೆ, ದೈಹಿಕ ಕಾಯಕಗಳು ಒಳಹರಿವನ್ನು ತಗ್ಗಿಸುತ್ತವೆ. ಮೂವತ್ತು ದಾಟಿದ ಸದ್ಭಕ್ತರು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಈಗಾಗಲೇ ರೋಗವಿರುವವರು ಔಷಧವನ್ನು ತಾವಾಗಿ ನಿಲ್ಲಿಸದಿರಲಿ.

ಇನ್ನು ಮುಂದೆ ‘ವ್ಯಾಪಕ’ ಎಂಬ ಪದವನ್ನು ಓದಿದಾಗ ಎಲ್ಲೆಲ್ಲಿ, ಹೊಸಬರೆಷ್ಟು, ಒಟ್ಟು ಎಷ್ಟು ಎಂದು ಕೇಳಿಕೊಳ್ಳೋಣ.