ನೆಲದೊಳಗಣ ಕೊಳವೆಗೆ ಕಣ್ಣು

ಹುಬ್ಬಳ್ಳಿಯ ಬೀದಿಬದಿಯ ಗಟಾರ ಕಟ್ಟಿಕೊಂಡರೆ ದಾರಿಹೋಕರಿಗೆಲ್ಲ ಅದು ತಿಳಿಯುವುದು. ರಸ್ತೆಯಡಿಯ ಒಳಚರಂಡಿಯ ಕೊಳವೆ ಬಿರಿದರೆ ತಿಳಿಯುವ ಬಗೆ ಹೇಗೆ? ಹುಬ್ಬಳ್ಳಿಗೆ ಈ ಪ್ರಶ್ನೆ ವಿಶೇಷವಾಗಿ ಸಲ್ಲುತ್ತದೆ. ಅಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು; ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುವುದು. ಇಂತಹ ನೆಲದಲ್ಲಿ ಹೂಳಿದ ಕೊಳವೆಯ ಸಂದುಗಳು ಕ್ರಮೇಣ ಸಡಿಲಗೊಳ್ಳಬಹುದು. ಆಗ ಕೊಳೆನೀರು ಹೊರಗೆ ಸೋರುವುದಲ್ಲದೆ, ಸಮೀಪದ ಕುಡಿಯುವ ನೀರಿನ ಕೊಳವೆಯಲ್ಲಿ ಬಿರುಕಿದ್ದರೆ, ನೀರು ನಿಂತ ಹೊತ್ತಿನಲ್ಲಿ ಅದರೊಳಕ್ಕೂ ನುಗ್ಗಬಹುದು.

ಇದನ್ನು ಪರೀಕ್ಷಿಸುವ ಹಳೆಯ ಉಪಾಯ ಬಹು ಸರಳವಾದುದು. ಎರಡು ಮ್ಯಾನ್‌ಹೋಲುಗಳ ಪೈಕಿ ಒಂದರಲ್ಲಿ ದೀಪವನ್ನೂ ಇನ್ನೊಂದರಲ್ಲಿ ಓರೆಯಾಗಿ ಕನ್ನಡಿಯನ್ನೂ ಹಿಡಿಯುವರು. ಕೊಳವೆ ನೇರವಾಗಿದ್ದು ಒಳಗೆ ಅಡ್ಡಿಯಿಲ್ಲದಿದ್ದರೆ ಕನ್ನಡಿಯಲ್ಲಿ ಬೆಳಕಿನ ಪೂರ್ಣ ವೃತ್ತ ಕಾಣುವುದು. ಕೊಳವೆ ಕುಸಿದಿದ್ದರೆ ವೃತ್ತವು ಅರೆಯಾಗುವುದು. ಪೂರ್ತಿ ಕಟ್ಟಿದ್ದರೆ ಕತ್ತಲೆ. ಬಿದಿರಿನ ದಬ್ಬೆಯನ್ನು ತೂರಿಸಿ ಅಡ್ಡಿ ಎಷ್ಟು ದೂರದಲ್ಲಿದೆಯೆಂದು ಅಳೆಯಬಹುದು. ಆದರೆ ಅದು ಮರದ ಬೇರೋ ಇಟ್ಟಿಗೆಯೋ ಒಡೆದ ಕೊಳವೆಯೋ ಎಂಬುದನ್ನು ದಬ್ಬೆ ಹೇಳಲಾರದು. ಅದನ್ನು ತಿಳಿಯಲೆಂದೇ ಹಿಂದೆ ಮನುಷ್ಯನನ್ನು ಕೆಳಗಿಳಿಸುತ್ತಿದ್ದರು.

ಅಲ್ಲಿ ಕಾದಿರುವುದು ಜಲಜನಕದ ಸಲ್ಫೈಡು. ಇದು ಗಾಳಿಗಿಂತ ಭಾರವಾದ ಅನಿಲ. ಆದುದರಿಂದ ಗುಂಡಿಯ ತಳದಲ್ಲಿ ನಿಲ್ಲುವುದು. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲವು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗವಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದು. ವಾಸನೆ ಹೋಯಿತೆಂದು ಧೈರ್ಯಗೊಂಡವನು ಅಲ್ಲಿಯೇ ಕುಸಿಯುವನು. ರಕ್ಷಣಾಸಾಧನಗಳಿಲ್ಲದೆ ಒಳಚರಂಡಿಯನ್ನು ಶುಚಿಗೊಳಿಸಲು ಜನರನ್ನು ನೇಮಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಹೀಗೆ ಮಡಿದವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಕ್ಯಾಮೆರಾ ಈ ಇಳಿಯುವಿಕೆಯನ್ನೇ ತಪ್ಪಿಸುವುದು. ಗಾಲಿಗಳುಳ್ಳ ಸಣ್ಣ ಬಂಡಿಯೊಂದು ದೀಪ ಮತ್ತು ಕ್ಯಾಮೆರಾಗಳನ್ನು ಹೊತ್ತು ಕೊಳವೆಯೊಳಗೆ ಸಾಗುವುದು. ರಸ್ತೆಯ ಮೇಲೆ ಕುಳಿತವರು ತೆರೆಯಲ್ಲಿ ಚಿತ್ರವನ್ನು ನೋಡುವರು. ಬಿಚ್ಚಿದ ತಂತಿಯ ಉದ್ದವೇ ದೂರವನ್ನು ತಿಳಿಸುವುದು. ಕೊಳವೆಯ ಬಾಯನ್ನು ಗಡಿಯಾರದ ಮುಖವೆಂದು ಭಾವಿಸಿ, "17 ಮೀಟರಿನಲ್ಲಿ, 2 ಗಂಟೆಯ ದಿಕ್ಕಿನಲ್ಲಿ ಬಿರುಕು" ಎಂಬಂತೆ ದೋಷವನ್ನು ಬರೆದಿಡುವರು. ಹೀಗಾಗಿ ಇಡೀ ರಸ್ತೆಯನ್ನು ಅಗೆಯಬೇಕಾಗಿಲ್ಲ.

ಆದರೆ ಕ್ಯಾಮೆರಾಕ್ಕೂ ಮಿತಿಗಳುಂಟು. ಮೊದಲು ಕೊಳವೆಯನ್ನು ರಭಸದ ನೀರಿನಿಂದ ತೊಳೆಯಬೇಕು, ಹರಿವನ್ನು ತಗ್ಗಿಸಬೇಕು. ಕೊಳೆನೀರಿನಲ್ಲಿ ಮುಳುಗಿದ ಭಾಗ ಅದಕ್ಕೆ ಕಾಣದು. ಅಲ್ಲಿ ಶಬ್ದತರಂಗದ ಉಪಕರಣ ಬೇಕು. ಕೊಳವೆಯ ಹೊರಗೆ ಮಣ್ಣು ಕೊಚ್ಚಿ ಪೊಳ್ಳಾಗಿದ್ದರೆ ಅದೂ ತಿಳಿಯದು. ವೆಚ್ಚವಂತೂ ಕನ್ನಡಿಗಿಂತ ಬಹಳ ಹೆಚ್ಚು.

ಆದುದರಿಂದ ಕನ್ನಡಿಯನ್ನು ಕೋಲಿಗೆ ಕಟ್ಟಿ ಮೇಲಿನಿಂದಲೇ ಇಳಿಸಿ ಸಂಶಯಾಸ್ಪದ ಸಾಲುಗಳನ್ನು ಬೇರ್ಪಡಿಸಿ, ಆ ಸಾಲುಗಳಿಗೆ ಮಾತ್ರ ಕ್ಯಾಮೆರಾವನ್ನು ಕಳಿಸುವುದು ಯುಕ್ತ. ಎರೆನೆಲದ ಊರಿನಲ್ಲಿ ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ತರುವಾಯ ಮತ್ತೊಮ್ಮೆ ಅದೇ ಸಾಲಿನ ಚಿತ್ರ ತೆಗೆದು ಹೋಲಿಸಿದರೆ, ಯಾವ ಸಂದು ಎಷ್ಟು ಜರುಗಿತೆಂಬುದು ಕೊಳವೆ ಒಡೆಯುವ ಮೊದಲೇ ಕಂಡುಬರುವುದು.