ನಡಿಗೆ ತಡವರಿಸಿದಾಗ: ಎಂ.ಎಸ್. ರೋಗದ ಬಗ್ಗೆ ತಿಳಿಯೋಣ



"ಬೆಳಿಗ್ಗೆ ಚೆನ್ನಾಗೇ ಇದ್ದಳು, ಮಧ್ಯಾಹ್ನ ಕಾಲು ಎಳೀತಾಳೆ. ಎಲ್ಲಾ ಕೆಲಸ ತಪ್ಪಿಸೋ ನಾಟಕ!" ಇಂಥ ಮಾತು ಕೇಳಿಸಿಕೊಳ್ಳುವ ಹೆಂಗಸರಲ್ಲಿ ಕೆಲವರಿಗೆ ನಿಜವಾದ ಕಾಯಿಲೆಯೇ ಇರಬಹುದು. ಅಂಥ ಒಂದು ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್. ಚಿಕ್ಕದಾಗಿ ಎಂ.ಎಸ್. ಎನ್ನುತ್ತಾರೆ.

ಇದು ಏನು?

ಕರೆಂಟ್ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಮಿದುಳು ಮತ್ತು ಬೆನ್ನುಹುರಿಯ ನರಗಳಿಗೂ ಒಂದು ಕವಚವಿದೆ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮ ದೇಹದ ರಕ್ಷಣಾ ಶಕ್ತಿಯೇ ಈ ಕವಚವನ್ನು ಕೆಡಿಸಿದಾಗ, ಮಿದುಳಿನ ಆಜ್ಞೆ ಕಾಲಿಗೆ ಸರಿಯಾಗಿ ತಲುಪುವುದಿಲ್ಲ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ, ಶಾಪವಲ್ಲ, ಮಾಟವೂ ಅಲ್ಲ.

ಕಣ್ಣು ಮಂಜಾಗುವುದು, ಜೋಮು, ವಿಪರೀತ ಸುಸ್ತು, ಪಾದ ಎತ್ತಲಾಗದೆ ಎಡವುವುದು ಇದರ ಲಕ್ಷಣಗಳು. ಬಿಸಿಲು, ಒಲೆ, ಜ್ವರದಿಂದ ಮೈ ಬಿಸಿಯಾದರೆ ನಡಿಗೆ ಇನ್ನೂ ಕೆಡುತ್ತದೆ, ತಂಪಾದರೆ ಸುಧಾರಿಸುತ್ತದೆ. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಇರುವುದು ಇದಕ್ಕೇ. ಬೇರೆ ಕಾಯಿಲೆಗಳಲ್ಲೂ ಈ ಲಕ್ಷಣಗಳು ಇರುವುದರಿಂದ, ನರರೋಗ ತಜ್ಞರು ಎಂ.ಆರ್.ಐ. ಮುಂತಾದ ಪರೀಕ್ಷೆ ಮಾಡಿಯೇ ಹೇಳಬೇಕು.

ನಡಿಗೆ ಅಳೆಯುವುದು ಹೇಗೆ?

ವೈದ್ಯರು ಬಳಸುವ ಒಂದು ಸರಳ ಪರೀಕ್ಷೆ ಇದೆ. ಸಮತಟ್ಟಾದ ನೆಲದಲ್ಲಿ ಟೇಪಿನಿಂದ 25 ಅಡಿ ಅಳೆದು ಎರಡು ಗೆರೆ ಹಾಕಿ. ಬೀಳದಂತೆ ಆದಷ್ಟು ಬೇಗ ನಡೆಯಲು ಹೇಳಿ. ಕೋಲು ಇದ್ದರೆ ಕೋಲಿನೊಂದಿಗೇ ನಡೆಯಲಿ. ಒಬ್ಬರು ಪಕ್ಕದಲ್ಲೇ ಇರಿ. ಎಷ್ಟು ಸೆಕೆಂಡ್ ಆಯಿತೆಂದು ಮೊಬೈಲಿನಲ್ಲಿ ನೋಡಿ. ಎರಡು ಸಲ ಮಾಡಿಸಿ ಸರಾಸರಿ ಬರೆದಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಅಳೆಯಿರಿ. ಆ ತಿಂಗಳು ಎಷ್ಟು ಸಲ ಬಿದ್ದಳು ಎಂದೂ ಬರೆಯಿರಿ. 10 ಸೆಕೆಂಡ್ ಇದ್ದದ್ದು 12 ಆದರೆ ಅದನ್ನು ಸಣ್ಣ ವಿಷಯ ಎನ್ನಬೇಡಿ, ವೈದ್ಯರಿಗೆ ಚೀಟಿ ತೋರಿಸಿ. ಕಾಲಿನ ಶಕ್ತಿ ಹಠಾತ್ತಾಗಿ ಕುಂದಿದರೆ ತಿಂಗಳು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸುಧಾರಿಸಲು ಏನು ಮಾಡಬಹುದು?

* ಹಿಂದೆ "ಸುಮ್ಮನೆ ಮಲಗಿರು" ಎನ್ನುತ್ತಿದ್ದರು. ಈಗ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಒಳ್ಳೆಯದೆಂದು ತಿಳಿದಿದೆ.
* ಕೋಲನ್ನು ಬಲ ಕಡಿಮೆ ಇರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಪಾದ ಜೋತುಬಿದ್ದರೆ ಅದನ್ನು ಎತ್ತಿಹಿಡಿಯುವ ಪಟ್ಟಿ ಸಿಗುತ್ತದೆ.
* ಹೊರಗಿನ ಕೆಲಸ ತಂಪು ಹೊತ್ತಿನಲ್ಲಿರಲಿ. ಸುಸ್ತಾಗುವ ಮೊದಲೇ ಕೂರಬೇಕು. ಕತ್ತಿಗೆ ಒದ್ದೆ ಬಟ್ಟೆ ಹಾಕಿಕೊಳ್ಳಬಹುದು.
* ಜಾರುವ ಮ್ಯಾಟು ತೆಗೆಯಿರಿ, ಬಚ್ಚಲಲ್ಲಿ ಹಿಡಿಕೆ ಹಾಕಿಸಿ.
* ರೋಗದ ಹೊಡೆತ ಕಡಿಮೆ ಮಾಡುವ ಔಷಧಿಗಳಿವೆ. ಫ್ಯಾಂಪ್ರಿಡಿನ್ ಮಾತ್ರೆಯಿಂದ ಕೆಲವರ ನಡಿಗೆಯ ವೇಗ ಹೆಚ್ಚುತ್ತದೆ, ಎಲ್ಲರದ್ದಲ್ಲ. ಫಿಟ್ಸ್ ಬಂದವರು, ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ. ವೈದ್ಯರು ಬರೆಯದೆ ತೆಗೆದುಕೊಳ್ಳಲೇಬಾರದು.

ಸಂಘದ ಜವಾಬ್ದಾರಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಎಂ.ಎಸ್. ಕೂಡ ಒಂದು. ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡಿಗಾಗಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ನಿಮ್ಮ ಸಂಘದಲ್ಲಿ ಸಭೆಗೆ ಬರುವುದನ್ನು ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ? ದಂಡ ಹಾಕುವ ಮೊದಲು, ಹೆಸರು ತೆಗೆಯುವ ಮೊದಲು, ಅವರ ಮನೆಗೆ ಹೋಗಿ "ನಡೆಯೋಕೆ ಕಷ್ಟ ಆಗ್ತಿದೆಯಾ?" ಎಂದು ಕೇಳಿ. ಹೌದು ಎಂದರೆ ಮುಂದಿನ ಸಭೆಯನ್ನು ಅವರ ಜಗಲಿಯಲ್ಲೇ ಇಟ್ಟುಕೊಳ್ಳಿ.