ನಿಮಗಿದು ಗೊತ್ತೆ? ಕಸದ ಡಬ್ಬಿಗಾಗಿ ಒಂದು ಸೆಕೆಂಡಿನ ಕದನ

ಅಮೆರಿಕದ ‘ಫಸ್ಟ್’ ಸಂಸ್ಥೆ ಪ್ರೌಢಶಾಲಾ ಮಕ್ಕಳಿಗೆ ನಡೆಸುವ ರೋಬಾಟ್ ಸ್ಪರ್ಧೆಯಲ್ಲಿ, 2015ರ ಪಂದ್ಯಗಳ ಮೊದಲ 15 ಸೆಕೆಂಡು ಯಾರೂ ಜಾಯ್‌ಸ್ಟಿಕ್ ಮುಟ್ಟುವಂತಿರಲಿಲ್ಲ. ರೋಬಾಟ್ ತನ್ನೊಳಗಿನ ಪ್ರೋಗ್ರಾಂ ನಂಬಿಯೇ ಆಡಬೇಕು. ಎರಡು ಬಣಗಳ ನಡುವೆ ದಾಟಬಾರದ ಕಟ್ಟೆ; ಅದರ ಮೇಲೆ ನಾಲ್ಕು ಹಸಿರು ಕಸದ ಡಬ್ಬಿ. ಆರು ಪೆಟ್ಟಿಗೆ ಪೇರಿಸಿ ಮೇಲೊಂದು ಡಬ್ಬಿ ಕೂರಿಸಿದರೆ ಆ ಡಬ್ಬಿಗೇ 24 ಅಂಕ!

ಎದುರಾಳಿಯನ್ನು ತಡೆಯಲು ಹಾದಿಯಿಲ್ಲ. ಆದರೆ ಡಬ್ಬಿ ಅವರಿಗೆ ಸಿಗದಂತೆ ಮಾಡಬಹುದಲ್ಲ? ಬಲಿಷ್ಠ ತಂಡಗಳು ಪಂದ್ಯ ಶುರುವಾದೊಡನೆ ಹದ್ದಿನಂತೆ ಎರಗುವ ತೋಳುಗಳನ್ನು ಕಟ್ಟಿ, ಒಂದು ಸೆಕೆಂಡು ಕಳೆಯುವುದರೊಳಗೆ ಡಬ್ಬಿಗಳನ್ನು ತಮ್ಮತ್ತ ಎಳೆದುಕೊಂಡವು. ಇದಕ್ಕೆ ಕ್ಯಾಮೆರಾ ಬೇಕಿರಲಿಲ್ಲ, ಜಟಿಲ ಪ್ರೋಗ್ರಾಮೂ ಬೇಕಿರಲಿಲ್ಲ. ನಿಯಮಪುಸ್ತಕವನ್ನು ಇಷ್ಟು ಚುರುಕಾಗಿ ಓದಿದ ಮಕ್ಕಳನ್ನು ಮೆಚ್ಚಲೇಬೇಕು.